ಹೃದಯದ ಶಸ್ತ್ರಕ್ರಿಯೆಗೆ ಮೊದಲು ಹಲ್ಲಿನ ತಪಾಸಣೆ ಏಕೆ?



ಹೃದಯದ ಶಸ್ತ್ರಕ್ರಿಯೆ ಆಗಬೇಕೆಂದು ನಿಶ್ಚಯವಾದವರಿಗೆ ಆಸ್ಪತ್ರೆಯವರು "ಮೊದಲು ಹಲ್ಲಿನ ಡಾಕ್ಟರರಿಗೆ ತೋರಿಸಿ ಚೀಟಿ ತನ್ನಿ" ಎಂದು ಹೇಳುವುದುಂಟು. ಕೇಳಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಎದೆ ತೆರೆಯುವ ಕೆಲಸಕ್ಕೂ ಬಾಯಿಯೊಳಗಿನ ಹುಳುಕು ಹಲ್ಲಿಗೂ ಎಲ್ಲಿಂದೆಲ್ಲಿಯ ಸಂಬಂಧ, ಇದು ಇನ್ನೊಂದು ಬಿಲ್ಲು ಬರೆಯುವ ಉಪಾಯವಿರಬೇಕು ಎಂದು ಸಂಶಯಪಡುವವರೂ ಇದ್ದಾರೆ. ಯಶಸ್ವಿನಿ ಯೋಜನೆಯ ಕಾಗದಪತ್ರಗಳಿಗಾಗಿ ನಮ್ಮ ಸಂಘದ ಕಛೇರಿಗೆ ಬರುವ ಸದಸ್ಯರಿಂದ ಈ ಮಾತನ್ನು ನಾವು ಹಲವು ಸಲ ಕೇಳಿದ್ದೇವೆ. ಆದ್ದರಿಂದ ಬೋರ್ಡೋ ದ್ರಾವಣ, ಗೊಬ್ಬರ, ಧಾರಣೆಗಳ ನಡುವೆ ಈ ಸಂಚಿಕೆಯಲ್ಲಿ ಹಲ್ಲಿನ ವಿಷಯಕ್ಕೆ ಸ್ವಲ್ಪ ಜಾಗ ಕೊಟ್ಟರೆ ಅನುಚಿತವಾಗಲಾರದು ಎಂದು ಭಾವಿಸಿದ್ದೇವೆ.

ಕಳೆದ ವರ್ಷ ನಮ್ಮ ಸದಸ್ಯರೊಬ್ಬರ ಹೃದಯದ ಕವಾಟ ಬದಲಾಯಿಸುವ ಶಸ್ತ್ರಕ್ರಿಯೆ ಕೊನೆಯ ಗಳಿಗೆಯಲ್ಲಿ ಮೂರು ವಾರ ಮುಂದಕ್ಕೆ ಹೋಯಿತು. ಕಾರಣ, ದವಡೆಯ ಎರಡು ಹಲ್ಲುಗಳ ಬುಡದಲ್ಲಿ ಕೀವು. ಅವರಿಗೆ ನೋವೇ ಇರಲಿಲ್ಲ. ಮುಂಬಯಿಯಿಂದ ರಜೆ ಹಾಕಿ ಬಂದಿದ್ದ ಮಗ ತಿರುಗಿ ಹೋಗಬೇಕಾಯಿತು, ಹೊಂದಿಸಿಟ್ಟ ರಕ್ತದಾನಿಗಳನ್ನು ಮತ್ತೆ ಹುಡುಕಬೇಕಾಯಿತು, ಅಡಿಕೆ ಕೊಯ್ಲಿನ ಏರ್ಪಾಡೂ ಕೆಟ್ಟಿತು. ಶಸ್ತ್ರಕ್ರಿಯೆ ಬೇಕು ಎಂದು ವೈದ್ಯರು ಮೊದಲ ಸಲ ಹೇಳಿದ ದಿನದಿಂದ ಗೊತ್ತುಮಾಡಿದ ದಿನದವರೆಗೆ ಅವರಿಗೆ ಎರಡು ತಿಂಗಳ ಕಾಲಾವಕಾಶವಿತ್ತು. ಆ ಎರಡು ತಿಂಗಳಲ್ಲಿ ಅರ್ಧ ದಿನದ ಕೆಲಸ ಇದು. ಯಾರಿಗೂ ಅದು ಹೊಳೆದಿರಲಿಲ್ಲ, ಅಷ್ಟೆ.

ಬಾಯಿಯಿಂದ ಹೃದಯಕ್ಕೆ ದಾರಿ

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಕೆರೆಗೆ ಇಳಿಸಿದ ಪಂಪಿನ ಫುಟ್‌ವಾಲ್ವನ್ನು ಬಲ್ಲ ತೋಟಗಾರರಿಗೆ ಇವುಗಳ ಕೆಲಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನೀರು ಮೇಲಕ್ಕೆ ಹೋಗಬೇಕು, ಹಿಂದಕ್ಕೆ ಇಳಿಯಬಾರದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಈ ಕವಾಟಗಳು ತೆರೆದು ಮುಚ್ಚುತ್ತವೆ. ಇವು ಕೆಡುವುದಕ್ಕೆ ನಮ್ಮ ದೇಶದಲ್ಲಿ ಮುಖ್ಯ ಕಾರಣ ಎರಡು. ಒಂದು, ಚಿಕ್ಕಂದಿನಲ್ಲಿ ಗಂಟಲು ನೋವು ಬಂದು ಅದರ ಹಿಂದೆಯೇ ಕೀಲುಗಳು ಬಾತು ಜ್ವರ ಬರುವ ರುಮ್ಯಾಟಿಕ್ ಜ್ವರ. ಅದು ಹೋದರೂ ಕವಾಟದ ಮೇಲೆ ಗಾಯದ ಗುರುತನ್ನು ಬಿಟ್ಟು ಹೋಗುತ್ತದೆ. ಇನ್ನೊಂದು, ವಯಸ್ಸಾದಂತೆ ಕವಾಟದಲ್ಲಿ ಸುಣ್ಣದಂಶ ಸೇರಿ ಅದು ಬಿರುಸಾಗುವುದು. ಕೆಟ್ಟ ಕವಾಟವನ್ನು ಕೆಲವರಲ್ಲಿ ಸರಿಪಡಿಸಬಹುದು, ಕೆಲವರಲ್ಲಿ ಬದಲಾಯಿಸಬೇಕಾಗುತ್ತದೆ.

ಇನ್ನು ಬಾಯಿಯ ಕಡೆಗೆ ಬರೋಣ. ಎಷ್ಟು ಚೊಕ್ಕವಾಗಿದ್ದರೂ ಮನುಷ್ಯನ ಬಾಯಿಯಲ್ಲಿ ಅಸಂಖ್ಯ ರೋಗಾಣುಗಳು ವಾಸಿಸುತ್ತವೆ. ಇವುಗಳಲ್ಲಿ ವಿರಿಡಾನ್ಸ್ ಸ್ಟ್ರೆಪ್ಟೋಕಾಕಸ್ ಎಂಬ ಗುಂಪು ಒಂದು. ಮೇಲೆ ಹೇಳಿದ ಗಂಟಲಿನ ರೋಗಾಣುವಿಗೆ ಇದು ದಾಯಾದಿಯೇ ಹೊರತು ಅದೇ ಅಲ್ಲ. ಬಾಯಿಯಲ್ಲಿ ಇರುವಷ್ಟು ಕಾಲ ಇದು ಸಾಧು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಪಾಚಿ ಗಾರೆಯಂತೆ ಗಟ್ಟಿಯಾಗಿ, ವಸಡು ಬಾತುಕೊಂಡಾಗ ಮಾತ್ರ ಕಥೆ ಬೇರೆಯಾಗುತ್ತದೆ. ಬಾತ ವಸಡೆಂದರೆ ತೆರೆದ ಗಾಯ. ಒಂದು ಹಲ್ಲಿನ ಸುತ್ತ ಅದು ಚಿಕ್ಕದಾಗಿ ಕಂಡರೂ ಮೂವತ್ತೆರಡು ಹಲ್ಲುಗಳ ಸುತ್ತಲಿನದನ್ನು ಕೂಡಿಸಿದರೆ ಸಣ್ಣ ಗಾಯವೇನಲ್ಲ. ಅಂಥ ಗಾಯ ಕಾಲಿನ ಮೇಲಿದ್ದರೆ ನಾವು ಒಂದು ದಿನವೂ ಸುಮ್ಮನಿರುತ್ತಿರಲಿಲ್ಲ. ಬಾಯಿಯೊಳಗಿರುವುದರಿಂದ ಹತ್ತು ವರ್ಷ ಸುಮ್ಮನಿರುತ್ತೇವೆ.

ಈ ಗಾಯದ ಮೂಲಕ, ಅಗಿಯುವಾಗ, ಹಲ್ಲುಜ್ಜುವಾಗ, ಮುಖ್ಯವಾಗಿ ಹಲ್ಲು ಕೀಳುವಾಗ, ರೋಗಾಣುಗಳು ರಕ್ತಕ್ಕೆ ಇಳಿಯುತ್ತವೆ. ಆರೋಗ್ಯವಂತರ ರಕ್ತ ಅವುಗಳನ್ನು ಕೆಲವು ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ಆದರೆ ಹೃದಯದಲ್ಲಿ ಒರಟಾದ ಕವಾಟವೋ, ಹೊಸದಾಗಿ ಹೊಲಿದ ಕೃತಕ ಕವಾಟವೋ ಇದ್ದರೆ ಅಲ್ಲಿ ಅವುಗಳಿಗೆ ಅಂಟಿಕೊಳ್ಳಲು ಆಸರೆ ಸಿಗುತ್ತದೆ. ಅರೇಬಿಕಾ ಕಾಫಿ ಬೆಳೆಯುವ ಸದಸ್ಯರಿಗೆ ಇದು ಬೇಗ ಅರ್ಥವಾದೀತು. ಬಿಳಿ ಕಾಂಡಕೊರಕದ ದುಂಬಿ ನುಣುಪಾದ ತೊಗಟೆಯ ಮೇಲೆ ಮೊಟ್ಟೆಯಿಡಲು ಇಷ್ಟಪಡುವುದಿಲ್ಲ, ಬಿರುಕುಬಿಟ್ಟ ಸಡಿಲ ತೊಗಟೆಯ ಸಂದನ್ನು ಹುಡುಕುತ್ತದೆ. ಅದಕ್ಕಾಗಿಯೇ ದುಂಬಿ ಹಾರುವ ಕಾಲಕ್ಕೆ ಮುಂಚೆ ಕಾಂಡವನ್ನು ಉಜ್ಜಿ ಸಡಿಲ ತೊಗಟೆ ತೆಗೆಯುತ್ತೇವೆ. ಒಮ್ಮೆ ಹುಳು ಒಳಹೊಕ್ಕಿತೆಂದರೆ ಗಿಡ ಕಿತ್ತು ಸುಡುವುದೊಂದೇ ದಾರಿ.

ಕವಾಟದ ಮೇಲೆ ರೋಗಾಣು ಬೀಡುಬಿಟ್ಟು ಬೆಳೆಯುವ ರೋಗಕ್ಕೆ ಎಂಡೋಕಾರ್ಡೈಟಿಸ್ ಎನ್ನುತ್ತಾರೆ, ಅಂದರೆ ಹೃದಯದ ಒಳಪದರದ ಸೋಂಕು. ರಕ್ತನಾಳಕ್ಕೆ ನೇರವಾಗಿ ನಾಲ್ಕರಿಂದ ಆರು ವಾರ ಔಷಧ ಕೊಡಬೇಕು, ಹಲವರಿಗೆ ಪುನಃ ಶಸ್ತ್ರಕ್ರಿಯೆ ಮಾಡಬೇಕು. ಕವಾಟದಿಂದ ಕಳಚಿದ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಇಂದಿನ ಉತ್ತಮ ಚಿಕಿತ್ಸೆಯಲ್ಲೂ ಸುಮಾರು ಐವರಲ್ಲಿ ಒಬ್ಬರು ಆಸ್ಪತ್ರೆಯಿಂದ ಮನೆಗೆ ಮರಳುವುದಿಲ್ಲ. ಲಕ್ಷಗಟ್ಟಲೆ ಖರ್ಚುಮಾಡಿ ಹಾಕಿಸಿದ ಕವಾಟವನ್ನು ಒಂದು ಹುಳುಕು ಹಲ್ಲು ಹಾಳುಮಾಡಬಲ್ಲದು ಎನ್ನುವುದು ಹೆದರಿಸುವ ಮಾತಲ್ಲ.

ಇದು ಹೊಸ ವಿಚಾರವೂ ಅಲ್ಲ. ವಿಲಿಯಂ ಆಸ್ಲರ್ ಎಂಬ ಪ್ರಸಿದ್ಧ ವೈದ್ಯರು 1885ರಲ್ಲಿ ಲಂಡನ್ನಿನಲ್ಲಿ ಈ ರೋಗದ ಬಗ್ಗೆಯೇ ಉಪನ್ಯಾಸಮಾಲೆ ಕೊಟ್ಟಿದ್ದರು. 1935ರಲ್ಲಿ ಅಲ್ಲಿಯೇ ಓಕೆಲ್ ಮತ್ತು ಎಲಿಯಟ್ ಎಂಬಿಬ್ಬರು ಹಲ್ಲು ಕೀಳಿಸಿಕೊಂಡವರ ರಕ್ತವನ್ನು ಆಗಲೇ ತೆಗೆದು ಪರೀಕ್ಷಿಸಿ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಬಾಯಿಯ ರೋಗಾಣುಗಳನ್ನು ಕಂಡರು. ವಸಡು ಹೆಚ್ಚು ಕೆಟ್ಟವರಲ್ಲಿ ಪ್ರಮಾಣವೂ ಹೆಚ್ಚು. ಹಲ್ಲು ಕೀಳುವ ಮೊದಲು ಹೃದ್ರೋಗಿಗಳಿಗೆ ಪೆನಿಸಿಲಿನ್ ಕೊಡಬೇಕೆಂದು ಅಮೆರಿಕದ ಹೃದ್ರೋಗ ಸಂಘ 1955ರಲ್ಲಿ ಮೊದಲ ಸಲ ಸಲಹೆ ಕೊಟ್ಟಿತು. ಕೃತಕ ಕವಾಟಗಳು ಮನುಷ್ಯರಲ್ಲಿ ಬಳಕೆಗೆ ಬಂದದ್ದು 1960ರ ಸುಮಾರಿಗೆ. ನಮ್ಮ ದೇಶದ್ದೇ ಆದ ಚಿತ್ರಾ ಕವಾಟವನ್ನು ತಿರುವನಂತಪುರದಲ್ಲಿ ಮೊದಲು ರೋಗಿಗೆ ಹಾಕಿದ್ದು 1990ರ ಡಿಸೆಂಬರಿನಲ್ಲಿ. ಆಮದು ಕವಾಟದ ಬೆಲೆ ಕೊಡಲಾರದ ಬಡವರನ್ನು ಕಂಡು ವರ್ಷಗಟ್ಟಲೆ ದುಡಿದು ಅದನ್ನು ಸಿದ್ಧಗೊಳಿಸಿದ ತಂಡದ ಮುಖ್ಯಸ್ಥರಾಗಿದ್ದ ಡಾ. ಎಂ.ಎಸ್. ವಲಿಯತ್ತಾನ್ ಆ ಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಬಂದರು, ಮಣಿಪಾಲದಲ್ಲಿಯೇ ನೆಲೆನಿಂತು 2024ರ ಜುಲೈಯಲ್ಲಿ ತೀರಿಕೊಂಡರು. ಅಂಥ ಒಂದು ಕವಾಟದ ಹಿಂದೆ ಎಷ್ಟು ಮಂದಿಯ ದುಡಿಮೆ ಇದೆಯೆಂದು ತಿಳಿದವರು ಅದನ್ನು ಹಲ್ಲಿನ ಪಾಚಿಗೆ ಬಲಿಕೊಡಲು ಒಪ್ಪಲಾರರು.

ಯಾವಾಗ ತೋರಿಸಬೇಕು?

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಅದು ಇದು: ಶಸ್ತ್ರಕ್ರಿಯೆಯ ದಿನ ಗೊತ್ತಾದ ಮೇಲಲ್ಲ, ಶಸ್ತ್ರಕ್ರಿಯೆ ಬೇಕೆಂದು ವೈದ್ಯರ ಬಾಯಿಂದ ಬಂದ ವಾರವೇ ದಂತವೈದ್ಯರ ಬಳಿಗೆ ಹೋಗಬೇಕು. ಕೃತಕ ಕವಾಟ ಹಾಕುವುದಕ್ಕೆ ಕನಿಷ್ಠ ಎರಡು ವಾರ ಮುಂಚಿತವಾಗಿ ಬಾಯಿಯ ಸೋಂಕುಗಳನ್ನೆಲ್ಲ ನಿವಾರಿಸಿರಬೇಕೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತದೆ. ಹಲ್ಲು ಕಿತ್ತ ಗಾಯ ಮಾಯಲು ಅಷ್ಟು ಸಮಯ ಬೇಕು. ತುರ್ತು ಶಸ್ತ್ರಕ್ರಿಯೆಗೆ ಈ ನಿಯಮ ಅನ್ವಯಿಸುವುದಿಲ್ಲ, ಜೀವ ಮೊದಲು, ಹಲ್ಲು ಆಮೇಲೆ.

"ನನಗೆ ಹಲ್ಲುನೋವೇ ಇಲ್ಲವಲ್ಲ" ಎಂದು ಹೇಳುವವರು ಬಹಳ. ನರ ಸತ್ತ ಹಲ್ಲು ನೋಯುವುದಿಲ್ಲ, ಅದರ ಬೇರಿನ ತುದಿಯಲ್ಲಿ ಕೀವು ಮಾತ್ರ ಸದ್ದಿಲ್ಲದೆ ಕೂತಿರುತ್ತದೆ. ವಸಡಿನ ರೋಗವೂ ಹಾಗೆಯೇ, ಹಲ್ಲು ಅಲುಗಾಡುವವರೆಗೆ ನೋವು ಕೊಡುವುದಿಲ್ಲ. ಆದ್ದರಿಂದ ದಂತವೈದ್ಯರು ಕಣ್ಣಿಂದ ನೋಡಿ ಬಿಡುವುದಿಲ್ಲ. ಸಣ್ಣ ಕಡ್ಡಿಯಿಂದ ವಸಡಿನ ಆಳ ಅಳೆಯುತ್ತಾರೆ, ಹಲ್ಲನ್ನು ತಟ್ಟಿ ನೋಡುತ್ತಾರೆ, ಎರಡೂ ದವಡೆಗಳು ಒಂದೇ ಚಿತ್ರದಲ್ಲಿ ಬರುವ ಕ್ಷಕಿರಣ ತೆಗೆಸುತ್ತಾರೆ. ಬಹುಪಾಲು ಜನರಿಗೆ ಕಿಟ್ಟ ತೆಗೆದು ಹಲ್ಲು ಶುಚಿಮಾಡುವುದು, ಒಂದೆರಡು ಹುಳುಕು ತುಂಬುವುದು, ಇಷ್ಟರಲ್ಲಿ ಮುಗಿಯುತ್ತದೆ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಸಡಿಲವಾಗಿದ್ದ ಹಲ್ಲನ್ನು ಕಿಟ್ಟವೇ ಹಿಡಿದಿಟ್ಟಿರುತ್ತದೆ, ಅದು ಹೋದಾಗ ನಿಜಸ್ಥಿತಿ ಗೊತ್ತಾಗುತ್ತದೆ, ಅಷ್ಟೆ. ಉಳಿಸಬಹುದಾದ ಹಲ್ಲಿಗೆ ಬೇರಿನ ಚಿಕಿತ್ಸೆ, ಉಳಿಸಲಾಗದ್ದಕ್ಕೆ ಕೀಳುವುದು.

ಕೀಳುವುದೂ ಸಣ್ಣ ಮಾತಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಹೃದಯದ ಶಸ್ತ್ರಕ್ರಿಯೆಗೆ ಮುಂಚೆ ಹಲ್ಲು ಕೀಳಿಸಿಕೊಂಡ 205 ರೋಗಿಗಳಲ್ಲಿ ಶೇಕಡಾ 8ರಷ್ಟು ಮಂದಿಗೆ ಮರಣ, ಹೃದಯಾಘಾತ, ಪಾರ್ಶ್ವವಾಯು ಮುಂತಾದ ಗಂಭೀರ ತೊಂದರೆಗಳಾಗಿದ್ದವು. ಅವರೆಲ್ಲ ಮೊದಲೇ ಬಹಳ ಬಳಲಿದ ರೋಗಿಗಳು, ಎಲ್ಲ ತೊಂದರೆಗೂ ಹಲ್ಲು ಕಿತ್ತದ್ದೇ ಕಾರಣವೆನ್ನಲಾಗದು. ಆದರೂ ಹೃದ್ರೋಗಿಯೊಬ್ಬ ಪೇಟೆಗೆ ಹೋದವನು ದಾರಿಯಲ್ಲಿ ಹಲ್ಲು ಕೀಳಿಸಿಕೊಂಡು ಬರುವ ಕೆಲಸ ಇದಲ್ಲ ಎಂಬುದು ಇದರಿಂದ ಸ್ಪಷ್ಟ. ಯಾವ ಹಲ್ಲು ಕೀಳಬೇಕು, ಯಾವುದನ್ನು ಶಸ್ತ್ರಕ್ರಿಯೆಯ ನಂತರಕ್ಕೆ ಬಿಡಬಹುದು ಎಂಬುದನ್ನು ಹೃದಯದ ವೈದ್ಯರೂ ದಂತವೈದ್ಯರೂ ಮಾತಾಡಿಕೊಂಡು ನಿರ್ಧರಿಸಬೇಕು.

ಈ ವಿಷಯದಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರಾದ ನಾವು ಅದೃಷ್ಟವಂತರು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮೆಡಿಕಲ್ ಕಾಲೇಜು ಆರಂಭಿಸಿದ ಮಣಿಪಾಲದಲ್ಲಿ 1965ರಲ್ಲಿಯೇ ದಂತವೈದ್ಯಕೀಯ ಶಿಕ್ಷಣ ಶುರುವಾಯಿತು. ನಮ್ಮ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಲೋಕಸಭೆಯ ಸಭಾಪತಿಗಳೂ ಆಗಿದ್ದ ಕೆ.ಎಸ್. ಹೆಗ್ಡೆಯವರು 1979ರಲ್ಲಿ ಸ್ಥಾಪಿಸಿದ ನಿಟ್ಟೆ ವಿದ್ಯಾಸಂಸ್ಥೆ, 1985ರಲ್ಲಿ ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಸ್ಮಾರಕ ದಂತವಿಜ್ಞಾನ ಸಂಸ್ಥೆಯನ್ನು ತೆರೆಯಿತು. ಅದರ ಪಕ್ಕದಲ್ಲಿಯೇ ಕೆ.ಎಸ್. ಹೆಗ್ಡೆ ಆಸ್ಪತ್ರೆ ಇದೆ. ಮಣಿಪಾಲದಲ್ಲೂ ದಂತ ಕಾಲೇಜು ಮತ್ತು ಕಸ್ತೂರ್ಬಾ ಆಸ್ಪತ್ರೆಗಳ ನಡುವೆ ನಡೆದು ಹೋಗುವಷ್ಟೇ ದೂರ. ಹಲ್ಲಿನವರೂ ಹೃದಯದವರೂ ಒಂದೇ ಊರಿನಲ್ಲಿ ಸಿಗುವ ಇಂಥ ಅನುಕೂಲ ಕಳಸ, ಶೃಂಗೇರಿಯ ಕಡೆಯ ಸದಸ್ಯರಿಗೆ ಅವರ ಊರಿನಲ್ಲಿಲ್ಲ. ಹೃದಯದ ತಪಾಸಣೆಗೆಂದು ಘಟ್ಟ ಇಳಿದು ಬಂದ ದಿನವೇ ದಂತ ವಿಭಾಗಕ್ಕೂ ಹೋಗಿಬರುವುದು ಅವರಿಗೆ ಮೇಲು, ಇನ್ನೊಂದು ದಿನದ ಬಸ್ಸಿನ ಖರ್ಚು ಉಳಿಯುತ್ತದೆ. ದಂತ ಕಾಲೇಜುಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕುಗಳಿಗಿಂತ ಕಡಿಮೆ. ವಿದ್ಯಾರ್ಥಿಗಳು ಕೈಹಾಕುತ್ತಾರೆಂದು ಹಿಂಜರಿಯುವವರಿದ್ದಾರೆ, ಹಿಂದೆ ಪ್ರಾಧ್ಯಾಪಕರು ನಿಂತಿರುತ್ತಾರೆಂಬುದನ್ನು ಮರೆಯಬಾರದು.

ಹೋಗುವಾಗ ಹೃದಯದ ಎಕೋ ವರದಿ, ನಡೆಯುತ್ತಿರುವ ಎಲ್ಲ ಮಾತ್ರೆಗಳ ಚೀಟಿ (ಮಾತ್ರೆಗಳನ್ನೇ ಒಯ್ದರೆ ಇನ್ನೂ ಉತ್ತಮ), ಸಕ್ಕರೆ ಕಾಯಿಲೆ ಇದ್ದರೆ ಅದರ ಲೆಕ್ಕ, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬ ವಿವರ ಇವು ಕೈಯಲ್ಲಿರಲಿ. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ರೋಗ ಹೆಚ್ಚು ಎಂಬುದೂ ನೆನಪಿರಲಿ.

ಕವಾಟವಲ್ಲ, ಬೈಪಾಸ್ ಮಾತ್ರ ಮಾಡಿಸಿಕೊಳ್ಳುವವರು ತಮಗೇಕೆ ಇದು ಎನ್ನಬಹುದು. ಅವರಲ್ಲಿ ಮೇಲೆ ಹೇಳಿದ ಕವಾಟದ ಸೋಂಕಿನ ಭಯ ಅಷ್ಟಿಲ್ಲ, ನಿಜ. ಆದರೆ ಅರಿವಳಿಕೆ ಕೊಟ್ಟು ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುವಾಗ ಅಲುಗಾಡುವ ಹಲ್ಲು ಕಳಚಿ ಶ್ವಾಸಕೋಶಕ್ಕೆ ಬಿದ್ದರೆ ಪೇಚು. ಬಾಯಿಯ ಕೊಳೆ ಆ ಕೊಳವೆಯ ಜೊತೆಗೆ ಕೆಳಗಿಳಿದರೆ ನ್ಯುಮೋನಿಯಾಕ್ಕೆ ದಾರಿ. ಹೀಗಾಗಿ ಕಟ್ಟುಹಲ್ಲಿನ ಸೆಟ್ಟು ಇರುವವರೂ, ಒಂದೆರಡೇ ಹಲ್ಲು ಉಳಿದವರೂ ಒಮ್ಮೆ ತೋರಿಸುವುದು ಒಳ್ಳೆಯದು.

ಅಡಿಕೆಯ ಮಾತು

ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಹಲ್ಲಿನ ವಿಷಯ ಬರೆಯುವವರು ಇಲ್ಲಿಗೆ ಬಂದಾಗ ಮೆಲ್ಲನೆ ದಾಟಿ ಹೋಗುವುದು ವಾಡಿಕೆ. ನಾವು ಹಾಗೆ ಮಾಡುವುದಿಲ್ಲ. ನಮ್ಮ ಮನೆಯ ಒಲೆ ಉರಿಯುವುದು ಅಡಿಕೆಯಿಂದ, ಹರಿವಾಣದಲ್ಲಿ ಎಲೆಯಡಿಕೆ ಇಡದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಹಾಗೆಂದು ಅಡಿಕೆಯನ್ನು ದಿನವಿಡೀ ದವಡೆಯಲ್ಲಿಟ್ಟುಕೊಂಡವರ ಬಾಯಿಯ ಸ್ಥಿತಿ ನಮಗೆ ಕಾಣದೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವರ್ಗೀಕರಿಸಿತು. ಆ ವರ್ಗೀಕರಣದ ಬಗ್ಗೆ ಬೆಳೆಗಾರರ ಸಂಘಟನೆಗಳು ತಕರಾರು ಎತ್ತಿವೆ, ಆ ಚರ್ಚೆಗೆ ಬೇರೆ ವೇದಿಕೆಗಳಿವೆ.

ಶಸ್ತ್ರಕ್ರಿಯೆಗೆ ಹೋಗುವವರಿಗೆ ಸಂಬಂಧಿಸಿದ ಸಂಗತಿ ಬೇರೊಂದು, ಅದರಲ್ಲಿ ತಕರಾರಿಗೆ ಎಡೆಯಿಲ್ಲ. ಬಹುಕಾಲ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ಪೂರ್ತಿ ತೆರೆಯಲಾಗದಂತಾಗುವ ರೋಗವಿದೆ. ಮೂರು ಬೆರಳು ಒಂದರ ಮೇಲೊಂದು ನೆಟ್ಟಗೆ ಇಟ್ಟು ಬಾಯಿಗೆ ಹೋಗುತ್ತದೆಯೇ ನೋಡಿ. ಎರಡೇ ಬೆರಳು ಹೋದರೆ ಅರಿವಳಿಕೆ ವೈದ್ಯರಿಗೆ ಅದನ್ನು ಮುಂಚಿತವಾಗಿ ಹೇಳಲೇಬೇಕು, ಏಕೆಂದರೆ ಕೊಳವೆ ಇಳಿಸುವುದು ಕಷ್ಟವಾಗುತ್ತದೆ, ಅದಕ್ಕೆ ಬೇರೆ ಸಲಕರಣೆ ಸಿದ್ಧಮಾಡಿಕೊಳ್ಳಬೇಕಾಗುತ್ತದೆ. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮೊದಲ ಬಾರಿಗೆ ಗೊತ್ತಾಗುವ ಸಂಗತಿ ಇದಾಗಬಾರದು. ಅಂಥ ಬಾಯಿಯಲ್ಲಿ ಹಿಂದಿನ ದವಡೆ ಹಲ್ಲುಗಳನ್ನು ಉಜ್ಜುವುದೂ ಆಗುವುದಿಲ್ಲ, ದಂತವೈದ್ಯರ ಕೈಯೂ ಹೋಗುವುದಿಲ್ಲ, ಆದ್ದರಿಂದ ಹುಳುಕು ಅಲ್ಲಿಯೇ ಬೆಳೆಯುತ್ತದೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪಿಗೆ ನಿಷೇಧವಿಲ್ಲ, ಅದನ್ನು ನಾವೇ ಬಿಡಬೇಕು. ಹೃದಯದ ಕಾಯಿಲೆ ಇದೆಯೆಂದು ಗೊತ್ತಾದ ಮೇಲೂ ಹೊಗೆಸೊಪ್ಪಿನ ಚೂರನ್ನು ಬಿಡದವರಿಗೆ ಯಾವ ದಂತವೈದ್ಯರ ಚೀಟಿಯೂ ಹೆಚ್ಚು ಉಪಕಾರ ಮಾಡಲಾರದು.

ಮಾತ್ರೆಗಳ ಗೊಂದಲ

ಹಲ್ಲು ಕೀಳುವ ಮೊದಲು ಹೃದ್ರೋಗಿಗಳೆಲ್ಲ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕೆಂದು ಹಿಂದೆ ಹೇಳುತ್ತಿದ್ದರು. 2007ರಲ್ಲಿ ಅಮೆರಿಕದ ಸಂಘವೇ ಇದನ್ನು ಬಹಳ ಕಡಿಮೆ ಮಾಡಿತು, 2021ರಲ್ಲಿ ಅದನ್ನೇ ಮತ್ತೆ ಸ್ಥಿರಪಡಿಸಿತು. ಈಗ ಇದು ಮುಖ್ಯವಾಗಿ ಕೃತಕ ಕವಾಟ ಇರುವವರಿಗೆ, ಹಿಂದೆ ಒಮ್ಮೆ ಎಂಡೋಕಾರ್ಡೈಟಿಸ್ ಬಂದಿದ್ದವರಿಗೆ, ಮೈ ನೀಲಿಗಟ್ಟುವ ಕೆಲವು ಹುಟ್ಟು ಹೃದ್ರೋಗಗಳವರಿಗೆ ಮಾತ್ರ. ಬೈಪಾಸ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಕೇವಲ ಆ ಕಾರಣಕ್ಕೆ ಬೇಡ. ಬೇಕಾದವರಿಗೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 2 ಗ್ರಾಂ, ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ, ಒಂದೇ ಸಲ. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧಿ. ರುಮ್ಯಾಟಿಕ್ ಜ್ವರಕ್ಕಾಗಿ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿರುವವರು ಅದನ್ನು ದಂತವೈದ್ಯರಿಗೆ ಹೇಳಬೇಕು, ಅವರ ಬಾಯಿಯ ರೋಗಾಣು ಪೆನಿಸಿಲಿನ್ನಿಗೆ ಪಳಗಿರುವ ಸಂಭವವಿರುವುದರಿಂದ ಬೇರೆ ಜಾತಿಯ ಮಾತ್ರೆ ಕೊಡುತ್ತಾರೆ. ಇವೆಲ್ಲ ವೈದ್ಯರು ಬರೆದುಕೊಡಬೇಕಾದವು, ಮೆಡಿಕಲ್ ಶಾಪಿನ ಹುಡುಗನಲ್ಲಿ ಕೇಳಿ ಪಡೆಯುವಂಥವಲ್ಲ.

ಏಕೆ ಕಡಿಮೆ ಮಾಡಿದರು ಎಂಬುದೇ ಇಲ್ಲಿ ತಿಳಿಯಬೇಕಾದ ಅಂಶ. ವರ್ಷಕ್ಕೊಮ್ಮೆ ಹಲ್ಲು ಕೀಳುವಾಗ ರಕ್ತಕ್ಕಿಳಿಯುವ ರೋಗಾಣುಗಳಿಗಿಂತ, ಕೆಟ್ಟ ವಸಡಿನವರು ದಿನವೂ ಅಗಿಯುವಾಗ, ಉಜ್ಜುವಾಗ ಇಳಿಯುವ ರೋಗಾಣುಗಳ ಒಟ್ಟು ಲೆಕ್ಕ ಎಷ್ಟೋ ಪಾಲು ಹೆಚ್ಚು. ಅಂದರೆ ಮಾತ್ರೆಗಿಂತ ದಿನನಿತ್ಯದ ಶುಚಿತ್ವವೇ ಹೆಚ್ಚಿನ ರಕ್ಷಣೆ. ಕೊಳೆರೋಗದ ವಿಷಯದಲ್ಲಿ ಇದು ನಮಗೆ ಗೊತ್ತಿದ್ದದ್ದೇ. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆಯಬೇಕು ನಿಜ, ಆದರೆ ಹಿಂದಿನ ವರ್ಷದ ಕೊಳೆತ ಗೊನೆಗಳನ್ನು ಮರದಲ್ಲಿಯೇ ಬಿಟ್ಟು ಎಷ್ಟು ಮೈಲುತುತ್ತು ಸುರಿದರೇನು?

ಶುಚಿತ್ವವೆಂದರೆ ದಿನಕ್ಕೆರಡು ಸಲ, ಅದರಲ್ಲೂ ರಾತ್ರಿ ಮಲಗುವ ಮುಂಚೆ, ಮೆದು ಬ್ರಶ್ಶಿನಿಂದ ಫ್ಲೋರೈಡ್ ಇರುವ ಪೇಸ್ಟು ಹಾಕಿ ಉಜ್ಜುವುದು. ಮಾವಿನೆಲೆ ಬಾಯಿಗೆ ಹಿತವಾದೀತು, ಹಲ್ಲಿನ ಸಂದಿಗೆ ಹೋಗದು. ಉಮಿಕರಿ, ಇದ್ದಿಲು, ಉಪ್ಪಿನ ಹರಳು ಹಲ್ಲಿನ ಹೊಳಪುಪದರವನ್ನೇ ಸವೆಸುತ್ತವೆ. ವಸಡಿನಿಂದ ರಕ್ತ ಬರುತ್ತದೆಂದು ಉಜ್ಜುವುದನ್ನು ನಿಲ್ಲಿಸಬಾರದು, ರಕ್ತ ಬರುವುದೇ ಉಜ್ಜಿದ್ದು ಸಾಲದೆಂಬುದರ ಸೂಚನೆ.

ಇನ್ನೊಂದು ಗೊಂದಲ ರಕ್ತ ತೆಳುವಾಗಿಸುವ ಮಾತ್ರೆಯದು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪರ್ಯಂತ ವಾರ್ಫರಿನ್ ಅಥವಾ ಅಸಿಟ್ರೋಮ್ ಜಾತಿಯ ಮಾತ್ರೆ ತೆಗೆದುಕೊಳ್ಳಬೇಕು. ವಾರ್ಫರಿನ್ ಎಂಬ ಹೆಸರು ಹಿರಿಯ ತೋಟಗಾರರಿಗೆ ಇಲಿಪಾಷಾಣವಾಗಿ ಪರಿಚಿತ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಬೂಸಲು ಹಿಡಿದ ಹುಲ್ಲು ತಿಂದ ದನಗಳು ರಕ್ತ ಹೆಪ್ಪುಗಟ್ಟದೆ ಸತ್ತದ್ದರ ಕಾರಣ ಹುಡುಕುತ್ತ ಹೋಗಿ ಸಿಕ್ಕಿದ ವಸ್ತುವಿನಿಂದ ಹುಟ್ಟಿದ ಔಷಧ ಅದು, 1948ರಲ್ಲಿ ಮೊದಲು ಇಲಿಗಳಿಗೇ ಮಾರಾಟಕ್ಕೆ ಬಂತು. ಈಗ ಕೊಕ್ಕೋ, ತೆಂಗಿನ ತೋಟಗಳಲ್ಲಿಡುವ ಬ್ರೋಮಾಡಿಯೋಲೋನ್ ಬಿಲ್ಲೆಯೂ ಅದೇ ಕುಲದ್ದು. ಇದನ್ನು ಕೇಳಿ ಮಾತ್ರೆ ಬಿಡಬೇಡಿ! ಅಳತೆಯಲ್ಲಿ ತೆಗೆದುಕೊಂಡರೆ ಅದೇ ಕವಾಟದ ಕಾವಲು. ಹಲ್ಲು ಕೀಳಿಸಲು ಹೋಗುವ ಮೊದಲು ರಕ್ತಸ್ರಾವಕ್ಕೆ ಹೆದರಿ ತಾವಾಗಿಯೇ ನಾಲ್ಕು ದಿನ ಮಾತ್ರೆ ನಿಲ್ಲಿಸುವವರಿದ್ದಾರೆ. ಅದರಿಂದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಕವಾಟವೇ ಸಿಕ್ಕಿಕೊಳ್ಳಬಹುದು, ಹೆಪ್ಪು ಮಿದುಳಿಗೂ ಹೋಗಬಹುದು. ಹಲ್ಲಿನ ಗಾಯದ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಿದುಳಿಗೆ ಹೋದ ಹೆಪ್ಪನ್ನು ಹಾಗೆ ನಿಲ್ಲಿಸಲಾಗದು. ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಿ, ಅಂಕಿ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಒಂದೆರಡು ಹಲ್ಲು ಕೀಳುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳಿಗೂ ಇದೇ ಮಾತು. ಹೃದಯದ ವೈದ್ಯರು ಹೇಳದೆ ಒಂದು ಹೊತ್ತೂ ತಪ್ಪಿಸಬಾರದು. ಹಲ್ಲು ಕಿತ್ತ ನಂತರ ನೋವಿಗೆಂದು ಅಂಗಡಿಯಿಂದ ಕಂಡ ಮಾತ್ರೆ ತಂದು ನುಂಗುವುದೂ ಅಪಾಯ, ನೋವುನಿವಾರಕಗಳಲ್ಲಿ ಹಲವು ವಾರ್ಫರಿನ್ನಿನ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚುತ್ತದೆ.

ಶಸ್ತ್ರಕ್ರಿಯೆಯ ನಂತರದ ಮೊದಲ ಕೆಲವು ತಿಂಗಳು ತುರ್ತಿಲ್ಲದ ಹಲ್ಲಿನ ಕೆಲಸವನ್ನು ಮುಂದೂಡುತ್ತಾರೆ. ಆಮೇಲೆ ಕವಾಟ ಹಾಕಿಸಿಕೊಂಡವರು ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು, ಬದುಕಿರುವವರೆಗೆ.

ಜ್ವರದ ವಿಷಯವಾಗಿ ಒಂದು ಎಚ್ಚರಿಕೆ ಕೊಡದೆ ಇದನ್ನು ಮುಗಿಸಲಾರೆವು. ನಮ್ಮ ಕಡೆ ಜ್ವರಕ್ಕೆ ಕಾರಣಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಇಲಿಜ್ವರ, ಡೆಂಗ್ಯೂ, ಮಲೇರಿಯಾ, ಘಟ್ಟದ ಮೇಲೆ ಬೇಸಿಗೆಯಲ್ಲಿ ಮಂಗನ ಕಾಯಿಲೆ. ಹಾಗಾಗಿ ಕೃತಕ ಕವಾಟ ಇರುವವರಿಗೆ ಸಣ್ಣ ಜ್ವರ ಬಂದಾಗಲೂ ಅದು ಇವುಗಳಲ್ಲೊಂದೆಂದು ಎಣಿಸಿ ಯಾವುದೋ ಆಂಟಿಬಯೋಟಿಕ್ ನುಂಗಿಸುವುದು ನಡೆದಿದೆ. ಎರಡು ದಿನ ಜ್ವರ ತಗ್ಗುತ್ತದೆ, ಮತ್ತೆ ಬರುತ್ತದೆ. ಸಂಜೆಯ ಜ್ವರ, ಬೆವರು, ಊಟ ಸೇರದಿರುವುದು, ಮೈ ಇಳಿಯುವುದು ವಾರಗಟ್ಟಲೆ ಮುಂದುವರಿಯುತ್ತದೆ. ಎಂಡೋಕಾರ್ಡೈಟಿಸ್ ಹೆಚ್ಚಾಗಿ ಹೀಗೆಯೇ ಶುರುವಾಗುವುದು. ಅದನ್ನು ಗುರುತಿಸಲು ಔಷಧಿ ಕೊಡುವ ಮುಂಚೆಯೇ ರಕ್ತ ತೆಗೆದು ರೋಗಾಣು ಬೆಳೆಸಿ ನೋಡಬೇಕು. ಅರೆಬರೆ ಆಂಟಿಬಯೋಟಿಕ್ ಹೊಟ್ಟೆಗೆ ಬಿದ್ದಿದ್ದರೆ ಆ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ, ರೋಗ ಮಾತ್ರ ಒಳಗೆ ಬೆಳೆಯುತ್ತಿರುತ್ತದೆ. ಆದ್ದರಿಂದ ಯಾವ ವೈದ್ಯರಲ್ಲಿಗೆ ಹೋದರೂ ಮೊದಲ ಮಾತಾಗಿ "ನನಗೆ ಕವಾಟ ಹಾಕಿದ್ದಾರೆ" ಎಂದು ಹೇಳಬೇಕು.

ನಿಟ್ಟೆ, ಬೆಳ್ಮಣ್, ಮಾಳ, ಬಜಗೋಳಿ ಭಾಗದ ಹಾಗೂ ಘಟ್ಟದ ಮೇಲಿನ ಸದಸ್ಯರಿಗೆ ಕಛೇರಿಯ ಕಡೆಯಿಂದ ತಿಳಿಸುವುದೇನೆಂದರೆ: 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಸಹಕಾರಿಗಳ ಯಶಸ್ವಿನಿ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಹೃದಯದ ಯಾವ ಶಸ್ತ್ರಕ್ರಿಯೆಗಳು, ಹಲ್ಲಿಗೆ ಸಂಬಂಧಿಸಿದ ಯಾವ ಚಿಕಿತ್ಸೆಗಳು ಅದರ ಪಟ್ಟಿಯಲ್ಲಿವೆ, ಯಾವ ಆಸ್ಪತ್ರೆಯಲ್ಲಿ ದೊರೆಯುತ್ತವೆ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಿಕೊಳ್ಳಬೇಕು, ಆಮೇಲೆ ಕೇಳಿದರೆ ಪ್ರಯೋಜನವಿಲ್ಲ. ಶಸ್ತ್ರಕ್ರಿಯೆಗೆ ಹೆಸರು ಕೊಟ್ಟಿರುವ ಸದಸ್ಯರು ಯಶಸ್ವಿನಿ ಕಾಗದಗಳೊಡನೆ ಕಛೇರಿಗೆ ಬರುವಾಗ ದಂತವೈದ್ಯರ ಚೀಟಿ ಆಗಿದೆಯೇ ಇಲ್ಲವೇ ಎಂದು ಇನ್ನು ಮುಂದೆ ನಮ್ಮ ಗುಮಾಸ್ತರು ಕೇಳುತ್ತಾರೆ. ಅದು ಯೋಜನೆಯ ನಿಯಮವಲ್ಲ, ನಾವೇ ಕೇಳಲು ಹೇಳಿದ್ದೇವೆ. ದಯವಿಟ್ಟು ಬೇಸರಪಟ್ಟುಕೊಳ್ಳಬಾರದು.